ಕೊಡಗಿನ ಮನೆಗೆ ಹೂದೋಟ: ಮೊದಲು ಜಗಲಿಯಲ್ಲಿ ಕೂತು ನೋಡಿ

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟದೊಳಗೇ ಹೊಸ ಮನೆ ಕಟ್ಟಿಸಿದ್ದೇವೆ. ಹೆಂಚಿನ ಮಾಡು, ಪೂರ್ವಕ್ಕೆ ಉದ್ದ ಜಗಲಿ, ಎದುರಿಗೆ ಇಳಿಜಾರು, ಅದರಾಚೆ ಗದ್ದೆ ಬಯಲು. ಮನೆಯ ಹಿಂದೆ, ಪಶ್ಚಿಮಕ್ಕೆ, ಜಾಗ ಮಾಡಲು ಹನ್ನೆರಡು ಅಡಿ ಎತ್ತರಕ್ಕೆ ಬರೆ (ಗುಡ್ಡದ ಕಡಿದಾದ ಬದಿ) ಕಡಿಸಿದ್ದೇವೆ. ಹಜಾರದ ದೊಡ್ಡ ಗಾಜಿನ ಕಿಟಕಿಯಿಂದ ನೈಋತ್ಯಕ್ಕೆ ಮರಗಳ ಸಂದಿಯಲ್ಲಿ ತಡಿಯಂಡಮೋಳ್ ಬೆಟ್ಟ ಸ್ವಲ್ಪ ಕಾಣುತ್ತದೆ. ಕಂಟ್ರಾಕ್ಟರ್ ಮುಂದಿನ ಇಳಿಜಾರನ್ನೂ ಜೆಸಿಬಿಯಲ್ಲಿ ಮಟ್ಟ ಮಾಡಿ ಲಾನ್ ಹಾಕೋಣ, ಗೇಟಿನಿಂದ ಇಂಟರ್‌ಲಾಕ್, ಇಕ್ಕೆಲಕ್ಕೆ ಪಾಮ್ ಮರ, ಸುತ್ತ ಕಾಂಪೌಂಡ್ ಗೋಡೆ ಅನ್ನುತ್ತಾರೆ. ನಮ್ಮ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋದಾಗ ಸಿಗುವ ನೆಮ್ಮದಿ ಇಲ್ಲೂ ಬರಬೇಕು ಅನ್ನೋದು ನಮ್ಮ ಆಸೆ. ಎಲ್ಲಿಂದ ಶುರು ಮಾಡೋದು?

ಉತ್ತರ: ಮೊದಲು ಒಂದು ವಿನಂತಿ. ಜೆಸಿಬಿಯನ್ನು ಮತ್ತೆ ಕರೆಸಬೇಡಿ. ಮುಂದಿನ ಇಳಿಜಾರು ಇದ್ದ ಹಾಗೇ ಇರಲಿ. ಅದೇ ನಿಮ್ಮ ಹೂದೋಟದ ಅತ್ಯುತ್ತಮ ಭಾಗ ಆಗಲಿದೆ, ಹೇಗೆ ಅಂತ ಮುಂದೆ ಹೇಳುತ್ತೇನೆ. ಹಿಂದಿನ ಬರೆಯ ವಿಷಯ ಮಾತ್ರ ಗಿಡ ಕೊಳ್ಳುವ ಮೊದಲೇ ತೀರಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿದರು. ಬರೆ ಕಡಿದಾಗ ಮೇಲಿನ ಮಣ್ಣಿಗೆ ಬುಡದ ಆಸರೆ ಹೋಗುತ್ತದೆ. ಕಡಿದ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿದರೆ ಅಲ್ಲೂ ಗಟ್ಟಿ ಇಲ್ಲದ ಮಣ್ಣಿನ ಭಾರ ಬೀಳುತ್ತದೆ. ನೀರು ಕುಡಿದಾಗ ಎರಡೂ ಜಾರಲು ಕಾಯುತ್ತಿರುತ್ತವೆ. ನಿಮ್ಮ ಕಂಟ್ರಾಕ್ಟರ್ ಹೇಳುವ ಮಟ್ಟಸ ಲಾನಿಗೆ ಈ ಎರಡೂ ಕೆಲಸ ಬೇಕು.

ಈಗ ಇರುವ ಬರೆಗೆ ಏನು ಮಾಡೋದು? ಹನ್ನೆರಡು ಅಡಿ ಎತ್ತರದ ಒಂದೇ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಅಡುಗೆಮನೆ ಕಿಟಕಿಯಿಂದ ಜೀವನಪೂರ್ತಿ ಗೋಡೆಯನ್ನೇ ನೋಡಬೇಕು. ಜಾಗ ಸಿಕ್ಕರೆ ಅದನ್ನು ಮೂರು ಮೆಟ್ಟಿಲಾಗಿ ಒಡೆಯಿರಿ. ಒಂದೊಂದು ಕಲ್ಲುಕಟ್ಟು ಮೂರೂವರೆ ನಾಲ್ಕು ಅಡಿ ಇರಲಿ, ಸ್ವಲ್ಪ ಹಿಂದಕ್ಕೆ ವಾಲಿರಲಿ. ಸಿಮೆಂಟ್ ಹಾಕದ ಕಲ್ಲುಕಟ್ಟಾದರೆ ನೀರು ತಾನಾಗಿ ಹೊರಗೆ ಬರುತ್ತದೆ. ಸಿಮೆಂಟ್ ಹಾಕಿದರೆ ನೀರು ಹೋಗಲು ತೂತು ಬೇಕೇ ಬೇಕು, ಗೋಡೆಯ ಬೆನ್ನಿಗೆ ಜಲ್ಲಿ ತುಂಬಬೇಕು. ಬರೆಯ ತಲೆಯ ಮೇಲೆ, ಅಂಚಿನಿಂದ ಹಿಂದಕ್ಕೆ, ಒಂದು ಗಟ್ಟಿ ಚರಂಡಿ ಮಾಡಿ ಮೇಲಿನ ತೋಟದಿಂದ ಇಳಿಯುವ ನೀರನ್ನು ಪಕ್ಕಕ್ಕೆ ತಿರುಗಿಸಿ ತೋಡಿಗೆ ಬಿಡಿ. ಕಾಫಿ ಸಾಲಿನ ನಡುವೆ ತೋಡುವ ತೊಟ್ಟಿಲು ಗುಂಡಿ ಒಳ್ಳೆಯದೇ. ಆದರೆ ಕಡಿದ ಬರೆಯ ನೆತ್ತಿಯ ಮೇಲೆ ಅದು ಬೇಡ, ಅಲ್ಲಿ ನೀರು ಇಂಗಬಾರದು. ಬಿಸಿಲು ಬೀಳುವ ಬೋಳು ಮಣ್ಣಿಗೆ ಲಾವಂಚದ ಬುಡಗಳನ್ನು ಅರ್ಧ ಅಡಿಗೊಂದರಂತೆ ಅಡ್ಡಸಾಲಿನಲ್ಲಿ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ, ಎಂಟು ಹತ್ತು ಅಡಿಯವರೆಗೂ ಇಳಿಯುತ್ತದೆ. ಇಷ್ಟೆಲ್ಲ ಓದಿ ನೀವೇ ಮಾಡಿಸಲು ಹೋಗಬೇಡಿ. ಒಬ್ಬ ಸಿವಿಲ್ ಎಂಜಿನಿಯರ್ ಬಂದು ಬರೆಯನ್ನು ಕಣ್ಣಾರೆ ನೋಡಿ ಹೇಳಲಿ. ಬಜೆಟ್‌ನ ದೊಡ್ಡ ಪಾಲು ಇಲ್ಲಿಗೇ ಹೋದರೂ ಬೇಜಾರು ಬೇಡ.

ಇನ್ನು ಮಾಡಿನ ನೀರು. ಎರಡು ಸಾವಿರ ಚದರಡಿ ಮಾಡಿನ ಮೇಲೆ ಒಂದೇ ದಿನ 100 ಮಿ.ಮೀ. ಮಳೆ ಬಿದ್ದರೆ ಸುಮಾರು 18,500 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ನಿಮ್ಮ ಕಡೆ ಜುಲೈನಲ್ಲಿ ಅಂಥ ದಿನ ಅಪರೂಪ ಅಲ್ಲ. ಸೂರಿಗೆ ನೀರಿನ ದಂಬೆ ಕಟ್ಟದ ಹೆಂಚಿನ ಮನೆಯಲ್ಲಿ ಆ ನೀರು ಒಂದೇ ಗೆರೆಯಲ್ಲಿ ಬಿದ್ದು ಮಣ್ಣನ್ನು ಕೊರೆಯುತ್ತದೆ, ಕೆಸರು ಗೋಡೆಗೆ ಎರಚುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡ ಎರಡು ಅಡಿವರೆಗೆ ಕೆಂಪಾಗಿ, ಆಮೇಲೆ ಹಸಿರಾಗಿ, ಬಣ್ಣ ಉಬ್ಬಿ ಏಳುತ್ತದೆ. ಅದಕ್ಕೇ ಸೂರಿನ ಗೆರೆಯ ಕೆಳಗೆ ಒಂದೂವರೆ ಅಡಿ ಅಗಲದ ಕಾಲುವೆ ಮಾಡಿ, ಮುಷ್ಟಿ ಗಾತ್ರದ ಹೊಳೆಗಲ್ಲು ತುಂಬಿ, ಒಂದು ಕಡೆಗೆ ಇಳಿಜಾರು ಕೊಡಿ. ಕಾಲುವೆಗೂ ಗೋಡೆಗೂ ನಡುವೆ ಗಿಡ ಬೇಡವೇ ಬೇಡ. ಗೋಡೆಗೆ ಗಾಳಿ ಆಡಬೇಕು. ಕುಂಡ ಇಡಬೇಕಿದ್ದರೆ ಇಡಿ, ಮಳೆಗಾಲದಲ್ಲಿ ಎತ್ತಿಡಬಹುದು. ಈ ಕಲ್ಲಿನ ಪಟ್ಟಿ ನೋಡಲೂ ಚೆಂದ. ಮಾಡಿನ ಅಂಚು ಎಲ್ಲಿದೆಯೋ ಅಲ್ಲೇ ನೆಲದ ಮೇಲೂ ಒಂದು ಗೆರೆ ಬೀಳುತ್ತದೆ. ಮನೆ ಇಲ್ಲಿಗೆ ಮುಗಿಯಿತು, ಹೂದೋಟ ಇಲ್ಲಿಂದ ಶುರು ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ. ಹೂದೋಟದ ನಕ್ಷೆ ಬರೆಯುವವರು ಹೆಚ್ಚಾಗಿ ಗೇಟಿನ ಕಡೆ ನಿಂತು ಬರೆಯುತ್ತಾರೆ. ಬಂದವರಿಗೆ ಮನೆ ಹೇಗೆ ಕಾಣಬೇಕು ಅನ್ನೋದೇ ಅವರ ಯೋಚನೆ. ಕೊಡಗಿನಲ್ಲಿ ಅದು ತಿರುಗುಮುರುಗು ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ನೀವು ಹೂದೋಟದಲ್ಲಿ ಓಡಾಡೋದಿಲ್ಲ, ಒಳಗೆ ಕೂತು ಅದನ್ನು ನೋಡುತ್ತೀರಿ. ಜಗಲಿಯ ಕುರ್ಚಿ, ಊಟದ ಮೇಜು, ಅಡುಗೆಮನೆ ಸಿಂಕ್, ಮಲಗುವ ಕೋಣೆಯ ಕಿಟಕಿ: ಈ ನಾಲ್ಕು ಕಡೆ ಕೂತು, ನಿಂತು, ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗಿಡದ ಪಟ್ಟಿಗಿಂತ ಆ ಹಾಳೆ ಮುಖ್ಯ.

ನಿಮ್ಮ ಐನ್‌ಮನೆಯ ನೆಮ್ಮದಿ ಕೂಡ ಅಲ್ಲಿಂದಲೇ ಬಂದದ್ದು. ಅಲ್ಲಿ ಹೂಗಿಡ ಎಷ್ಟಿವೆ ಅಂತ ನೆನಪು ಮಾಡಿಕೊಳ್ಳಿ. ಜಾಸ್ತಿ ಇರಲಾರವು. ಹೆಚ್ಚಿನ ಐನ್‌ಮನೆಗಳು ಪೂರ್ವಕ್ಕೆ ಮುಖ ಮಾಡಿ, ಬಾಣೆಗೆ (ಗದ್ದೆಯ ಮೇಲಿನ ಗುಡ್ಡದ ಜಾಗಕ್ಕೆ) ಬೆನ್ನು ಕೊಟ್ಟು, ಗದ್ದೆ ನೋಡುತ್ತಾ ಕೂತಿರುತ್ತವೆ. ಪಶ್ಚಿಮದ ಮಳೆ ಹೊಡೆತ ಬೆನ್ನಿಗೆ ಬೀಳುತ್ತದೆ, ಜಗಲಿ ಒಣಗಿರುತ್ತದೆ. ಜಗಲಿಯ ಕಂಬಗಳ ನಡುವಿನ ಹಲಗೆಯಾದ ಅಯಿಮರದ ಮೇಲೆ ಕೂತರೆ ಮೊದಲು ಬೋಳು ಅಂಗಳ, ಆಮೇಲೆ ನಾಲ್ಕಾರು ಮರದ ಕಾಂಡ, ಅದರಾಚೆ ಬಿಚ್ಚಿಕೊಂಡ ಬಯಲು. ಬಯಲೇ ಕಾಲಕ್ಕೆ ತಕ್ಕ ಹಾಗೆ ಬಣ್ಣ ಬದಲಿಸುತ್ತದೆ. ನಾಟಿಯಾದಾಗ ಕನ್ನಡಿಯಂಥ ನೀರು, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಎಳೆ ಹಸಿರು, ಸುಗ್ಗಿಯ ಪುತ್ತರಿ ಹಬ್ಬದ ಹೊತ್ತಿಗೆ ಹೊನ್ನು. ಇಷ್ಟು ಇರುವಾಗ ಲಾನ್ ಮಧ್ಯೆ ಹೂವಿನ ವೃತ್ತ ಯಾಕೆ ಬೇಕು?

ಅಂಗಳ ಮಾತ್ರ ಬೇಕು. ಜಗಲಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಅಡಿ ತೆರೆದ ಜಾಗ ಬಿಡಿ. ಬೆಳಕಿಗೆ, ಕಾಫಿ ಒಣಗಿಸಲಿಕ್ಕೆ, ನೆಂಟರು ಸೇರಲಿಕ್ಕೆ, ಹಾವು ಬಂದರೆ ಕಾಣಲಿಕ್ಕೆ. ಇದನ್ನು ಮನೆಯ ಅಗಲಕ್ಕೆ ಸರಿಯಾಗಿ, ಜಗಲಿಯ ಕಂಬಗಳ ಗೆರೆಗೆ ಹೊಂದಿಸಿ ಚೌಕವಾಗಿ ಮಾಡಿ. ಜಂಬಿಟ್ಟಿಗೆ ಅಥವಾ ಒರಟು ಮುಖದ ಕಾಡುಕಲ್ಲು ಹಾಸಿ, ಸಂದಿಯಲ್ಲಿ ಹುಲ್ಲು ಬರಲು ಬಿಡಿ. ನುಣುಪಾದ ಇಂಟರ್‌ಲಾಕ್ ನಿಮ್ಮ ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅದರ ಬೂದು, ಹಳದಿ ಬಣ್ಣ ಹೆಂಚಿನ ಕೆಂಪಿಗೆ ಹೊಂದುವುದೂ ಇಲ್ಲ. ಲಾನ್ ಬೇಕೇ ಬೇಕು ಅಂತಿದ್ದರೆ ಈ ಅಂಗಳದಲ್ಲೇ ಒಂದು ತುಂಡು ಇರಲಿ. ನೆರಳು ತಡೆಯುವ ಅಗಲ ಎಲೆಯ ಹುಲ್ಲು ಹಾಕಿ. ಸಣ್ಣ ಎಲೆಯ ಮೆಕ್ಸಿಕನ್ ಹುಲ್ಲಿಗೆ ದಿನವಿಡೀ ಬಿಸಿಲು ಬೇಕು. ಮರದ ನೆರಳು, ಮೋಡ, ಮಳೆ ಮೂರೂ ಸೇರಿದರೆ ಅದು ಉಳಿಯೋದು ಕಷ್ಟ. ಲಾನ್ ದೊಡ್ಡದಾದಷ್ಟೂ ಜಿಗಣೆ ಜಾಸ್ತಿ, ಅದು ನಿಮಗೇ ಗೊತ್ತು.

ಅಂಗಳ ಮುಗಿದಲ್ಲಿಂದ ಇಳಿಜಾರು. ಇಲ್ಲಿ ನೇರ ಗೆರೆ ಬಿಟ್ಟುಬಿಡಿ. ಮನೆಯ ಹತ್ತಿರ ಕಟ್ಟುನಿಟ್ಟು, ದೂರ ಹೋದ ಹಾಗೆ ಸಡಿಲ, ಕೊನೆಗೆ ತೋಟವೇ. ಮನೆಗೂ ಗುಡ್ಡಕ್ಕೂ ಜಗಳ ಆಗದಂತೆ ಮಾಡುವ ಗುಟ್ಟು ಇಷ್ಟೇ. ಅಂಗಳದಿಂದ ಆರೇಳು ಕಲ್ಲಿನ ಮೆಟ್ಟಿಲು ಇಳಿಯಲಿ. ಹೂದೋಟದ ಮೆಟ್ಟಿಲು ಮನೆಯೊಳಗಿನ ಮೆಟ್ಟಿಲಿನಷ್ಟು ಕಡಿದಾಗಿ ಇರಬಾರದು. ಎತ್ತರ ಐದು ಇಂಚು, ಅಗಲ ಹದಿನೈದು ಇಂಚು ಇದ್ದರೆ ವಯಸ್ಸಾದವರೂ ಕೊಡೆ ಹಿಡಿದು ಇಳಿಯಬಹುದು. ಪ್ರತಿ ಮೆಟ್ಟಿಲೂ ಹೊರಕ್ಕೆ ಕೂದಲೆಳೆಯಷ್ಟು ಓರೆ ಇರಲಿ, ನೀರು ನಿಲ್ಲುವುದಿಲ್ಲ.

ಇಳಿಜಾರಿನ ಶುರುವಿಗೆ ಏನು ನೆಡೋದು? ಕಾಫಿಯನ್ನೇ. ಇದು ತೋಟದವರಿಗೆ ಸುಲಭವಾಗಿ ಹೊಳೆಯುವುದಿಲ್ಲ, ಕಾಫಿ ಅಂದರೆ ಲೆಕ್ಕಪತ್ರ ಅಂತಲೇ ಅವರ ತಲೆಯಲ್ಲಿ. ಆದರೆ ನಾಲ್ಕು ಅಡಿಗೆ ಕಪಾತು ಮಾಡಿದ (ಸವರಿ ಕತ್ತರಿಸಿದ) ಎರಡು ಸಾಲು ಅರೇಬಿಕಾ ಎಷ್ಟು ಚೆಂದದ ಬೇಲಿ! ಹೊಳೆಯುವ ಎಲೆ ವರ್ಷವಿಡೀ ಇರುತ್ತದೆ. ಕಾಫಿ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಬಿಳಿ ಹೂ, ಜಗಲಿವರೆಗೂ ಪರಿಮಳ. ನವೆಂಬರ್‌ನಿಂದ ಕೆಂಪು ಹಣ್ಣು. ಹೂದೋಟ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇಂಥ ಬೇಲಿಗೆ ಇನ್ನೊಂದು ಕೆಲಸವೂ ಇದೆ. ಜಪಾನಿನ ಕ್ಯೋಟೋದಲ್ಲಿ ಎಂಟ್ಸು-ಜಿ ಅನ್ನುವ ದೇವಾಲಯವಿದೆ. ಅದರ ತೋಟದ ಅಂಚಿಗೆ ಕತ್ತರಿಸಿದ ಗಿಡ್ಡ ಬೇಲಿ, ಅದರಾಚೆ ಉದ್ದ ಮರಗಳ ಕಾಂಡ, ಕಾಂಡಗಳ ನಡುವೆ ದೂರದ ಹೀಯೆ ಬೆಟ್ಟ. ನಡುವೆ ಇರುವ ಊರನ್ನು ಬೇಲಿ ಮುಚ್ಚುತ್ತದೆ. ಹಾಗಾಗಿ ಬೆಟ್ಟ ಆ ತೋಟಕ್ಕೇ ಸೇರಿದ್ದು ಅನ್ನಿಸುತ್ತದೆ. ಹಜಾರದ ಕಿಟಕಿಯ ಕಡೆ, ನಿಮ್ಮ ತಡಿಯಂಡಮೋಳಿಗೂ ಇದೇ ಉಪಾಯ. 1,748 ಮೀಟರ್ ಎತ್ತರದ, ಜಿಲ್ಲೆಯ ಅತಿ ಎತ್ತರದ ಬೆಟ್ಟ ಪುಕ್ಕಟೆ ಸಿಕ್ಕಿರುವಾಗ ಅದರ ಮುಂದೆ ಪಾಮ್ ಮರ ನಿಲ್ಲಿಸುವುದು ಯಾಕೆ? ಆ ದಿಕ್ಕಿನ ನೆರಳು ಮರಗಳನ್ನು ಕಡಿಯಬೇಡಿ. ಕೆಳಗಿನ ಕೊಂಬೆಗಳನ್ನು ಮಾತ್ರ ಕಪಾತು ಮಾಡಿಸಿ ತಲೆಯನ್ನು ಮೇಲೆತ್ತಿ. ಕಾಂಡಗಳ ನಡುವೆ ಬೆಟ್ಟ ಕಾಣುತ್ತದೆ, ಮೇಲೆ ಎಲೆಯ ಚಪ್ಪರ ಉಳಿಯುತ್ತದೆ. ಒಂದೇ ವರ್ಷ ಎಲ್ಲ ತೆಗೆಯಬೇಡಿ. ಒಂದೊಂದೇ ಕೊಂಬೆ ತೆಗೆಸುತ್ತಾ, ಹಜಾರದಲ್ಲಿ ಕೂತವರು ನೋಡಿ ಹೇಳುತ್ತಾ ಹೋಗಿ. ಬೀಟೆಯಂಥ ಮರ ಇದ್ದರೆ ಮುಟ್ಟುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಚೌಕಟ್ಟು ಹಾಕಿದರೆ ನೋಟ ದೊಡ್ಡದಾಗುತ್ತದೆ ಅನ್ನೋದಕ್ಕೆ ಮಡಿಕೇರಿಯ ರಾಜಾಸೀಟೇ ಸಾಕ್ಷಿ. ನಾಲ್ಕು ಕಂಬ, ಮೇಲೆ ಕಮಾನು, ಅದರಾಚೆ ಕಣಿವೆ.

ನಿಮ್ಮಂಥ ಮಳೆಯ ನಾಡಿನಲ್ಲೇ ಇದನ್ನೆಲ್ಲ ಮಾಡಿದವರ ಉದಾಹರಣೆ ಬೇಕಾದರೆ ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಲುನುಗಂಗಾ ನೋಡಿ. 1948ರಲ್ಲಿ ಒಂದು ಹಳೇ ರಬ್ಬರ್ ತೋಟ ಕೊಂಡು, 2003ರಲ್ಲಿ ತೀರಿಹೋಗುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಅವರು ಮಾಡಿದ ಮುಖ್ಯ ಕೆಲಸ ನೋಟ ಬಿಡಿಸಿದ್ದು. ಮನೆಯಿಂದ ಎದುರು ಗುಡ್ಡ, ಅದರಾಚೆ ಸರೋವರ, ದೂರದ ಬೌದ್ಧ ಸ್ತೂಪ ಒಂದೇ ಗೆರೆಯಲ್ಲಿ ಕಾಣುವಂತೆ ಮಾಡಿದರು. ನಡುವೆ ಮರದ ಕೆಳಗೆ ಒಂದು ದೊಡ್ಡ ಜಾಡಿ ಇಟ್ಟರು, ಕಣ್ಣು ಅಲ್ಲೊಮ್ಮೆ ನಿಂತು ಮುಂದೆ ಹೋಗಲಿ ಅಂತ. ದೇವಕಣಗಿಲೆಯ ಕೊಂಬೆಗಳಿಗೆ ಭಾರ ಕಟ್ಟಿ, ಅಗಲಕ್ಕೆ ಹರಡುವಂತೆ ಬೆಳೆಸಿದರು. ವರ್ಷಗಟ್ಟಲೆ ಕಾಫಿ ಗಿಡದ ಆಕಾರ ತಿದ್ದಿದ ನಿಮಗೆ ಈ ತಾಳ್ಮೆ ಹೊಸದಲ್ಲ.

ಕಾರಿನ ವಿಷಯ. ಹೊಸ ಮನೆಗಳ ಜಗಲಿಯಲ್ಲಿ ಕೂತರೆ ಮೊದಲು ಕಾಣೋದು ಕಾರಿನ ಬಾನೆಟ್. ದಯವಿಟ್ಟು ಕಾರನ್ನು ಮನೆಯಿಂದ ನಲವತ್ತು ಅಡಿ ದೂರದಲ್ಲಿ, ಪಕ್ಕಕ್ಕೆ, ಕಾಫಿ ಗಿಡದ ಮರೆಯಲ್ಲಿ ನಿಲ್ಲಿಸಿ. ಅಲ್ಲಿಂದ ನಡೆದು ಬರಲಿ. ಐನ್‌ಮನೆಗೆ ಹೋಗುವ ಓಣಿ ನೆನಪಿದೆ ಅಲ್ವಾ? ಎರಡೂ ಕಡೆ ಏರಿ, ಮೇಲೆ ನೆರಳು, ಒಂದು ತಿರುವು, ಆಮೇಲೆ ಇದ್ದಕ್ಕಿದ್ದಂತೆ ಅಂಗಳ. ನಿಮ್ಮ ನಲವತ್ತು ಅಡಿಯಲ್ಲೂ ಅದನ್ನು ಮಾಡಬಹುದು. ದಾರಿ ನಾಲ್ಕು ಅಡಿ ಅಗಲ ಸಾಕು. ಎರಡೂ ಪಕ್ಕ ಮೂರಡಿ ಎತ್ತರದ ಮಣ್ಣಿನ ಏರಿ ಹಾಕಿ, ಅದರ ಮೇಲೆ ಜರಿಗಿಡ, ಕೇಪಳ ಬೆಳೆಸಿ. ಮನೆ ಕಡೇ ತಿರುವಿನವರೆಗೂ ಕಾಣದಿರಲಿ. ಮಳೆಗಾಲದಲ್ಲಿ ಸಾಮಾನು ಇಳಿಸಲು ಕಾರು ಬಾಗಿಲವರೆಗೂ ಬರಬೇಕಾದರೆ ಅಡುಗೆಮನೆ ಕಡೆಯಿಂದ ಒಂದು ದಾರಿ ಇರಲಿ.

ಗಿಡಗಳು. ಇಲ್ಲಿ ನಾನು ಕಮ್ಮಿ ಹೇಳುತ್ತೇನೆ, ನಿಮ್ಮ ಅಕ್ಕಪಕ್ಕದ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಜಗಲಿಯಿಂದ ಮಳೆಯಲ್ಲಿ ನೋಡಲು ಎಲೆಯ ಅಂದವೇ ದೊಡ್ಡದು. ನೀರು ಹರಿದು ಹೋಗುವ ತಗ್ಗಿನಲ್ಲಿ ಕೆಸು, ತೆರ್ಮೆ (ತಿನ್ನುವ ಜರಿಗಿಡ) ಬೆಳೆಯಲಿ, ಕಕ್ಕಡದಲ್ಲಿ ಪಲ್ಯಕ್ಕೂ ಆಯಿತು. ಅಡುಗೆಮನೆ ಹಿಂದೆ, ಬರೆಯ ಮೆಟ್ಟಿಲಿನ ತಂಪಿನಲ್ಲಿ ಮದ್ದುಸೊಪ್ಪಿನ ಕಡ್ಡಿ ಚುಚ್ಚಿ, ಸುಲಭವಾಗಿ ಹಿಡಿಯುತ್ತದೆ. ಕಕ್ಕಡದ ಹದಿನೆಂಟನೇ ದಿನ ಮಾಡುವ ಪಾಯಸಕ್ಕೆ ಆ ಸೊಪ್ಪನ್ನು ಬೇರೆ ಕಡೆ ಹುಡುಕಬೇಕಾಗಿಲ್ಲ. ಕಾಫಿ ಬೇಲಿಯ ಮೇಲೆ ತೋಕ್ ಪೂವಿನ (ಅಗ್ನಿಶಿಖೆಯ) ಬಳ್ಳಿ ಹಬ್ಬಿಸಿದರೆ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಇಡಲು ಮನೆಯದೇ ಹೂ. ಅದರ ಗೆಡ್ಡೆ ವಿಷ. ಮಕ್ಕಳು, ನಾಯಿ ಅಗೆಯದ ಜಾಗದಲ್ಲಿರಲಿ. ಹಳೇ ಮರದ ಕೊಂಬೆಯಲ್ಲಿ ಸೀತಾಳೆ ದಂಡೆ (ಆರ್ಕಿಡ್) ಇದ್ದರೆ ಅದನ್ನು ಮುಟ್ಟದೆ, ಅದು ಕಾಣುವಂತೆ ಜಗಲಿಯ ಕುರ್ಚಿಯನ್ನೇ ಸರಿಸಿ.

ಹೈಡ್ರಾಂಜಿಯಾ ಇಲ್ಲದ ಕೊಡಗಿನ ಹೂದೋಟ ಕಡಿಮೆ. ನೀವೂ ಹಾಕಿ, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಕಡೆ. ಒಂದು ವಿಷಯ ಗಮನಿಸಿ. ನಿಮ್ಮ ಹುಳಿ ಮಣ್ಣಿನಲ್ಲಿ ಅದು ನೀಲಿ ಹೂ ಬಿಡುತ್ತದೆ. ಅದೇ ಗಿಡವನ್ನು ಹೊಸ ಸಿಮೆಂಟ್ ಗೋಡೆಯ ಬುಡಕ್ಕೆ ನೆಟ್ಟರೆ ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದು ಹೂ ಗುಲಾಬಿಗೆ ತಿರುಗಬಹುದು. ಕೆಂಪು ಹೆಂಚು, ಬಿಳಿ ಗೋಡೆ, ಹಸಿರು ಗುಡ್ಡದ ನಡುವೆ ನನಗೆ ನೀಲಿಯೇ ಇಷ್ಟ. ಆದ್ದರಿಂದ ಗೋಡೆಯಿಂದ ದೂರ, ತರಗೆಲೆ ಗೊಬ್ಬರ ಹಾಕಿ, ಒಂದೇ ಕಡೆ ಹತ್ತು ಹನ್ನೆರಡು ಗಿಡ ಗುಂಪಾಗಿ ನೆಡಿ. ಅಲ್ಲೊಂದು ಇಲ್ಲೊಂದು ನೆಟ್ಟರೆ ದೂರದ ಬೆಟ್ಟದ ಮುಂದೆ ಏನೂ ಅಲ್ಲದಂತೆ ಕಾಣುತ್ತದೆ.

ಬೇಡದ ಗಿಡಗಳ ಬಗ್ಗೆ ಮಾತ್ರ ಹಠ ಮಾಡುತ್ತೇನೆ. ಹಳದಿ ಹೂವಿನ ವೆಡೆಲಿಯಾ ಬಳ್ಳಿಯನ್ನು ನರ್ಸರಿಯವರು ನೆಲ ಮುಚ್ಚಲು ಕೊಡುತ್ತಾರೆ. ಅದು ತೋಡಿನ ದಂಡೆ ಹಿಡಿದರೆ ಮತ್ತೆ ಬಿಡುವುದಿಲ್ಲ. ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನುವ ಹಳದಿ ಹೂವಿನ ಮರ ವಯನಾಡು, ಬಂಡೀಪುರ, ನಾಗರಹೊಳೆ ಕಾಡಿಗೆ ನುಗ್ಗಿ ಅರಣ್ಯ ಇಲಾಖೆಗೆ ದೊಡ್ಡ ತಲೆನೋವಾಗಿದೆ. ಲಂಟಾನ ಕೂಡ ಒಂದು ಕಾಲಕ್ಕೆ ಅಂದಕ್ಕೆ ಅಂತ ತಂದ ಗಿಡವೇ. ನಿಮ್ಮ ಬೇಲಿ ಕಾಡಿಗೆ ಹತ್ತಿರ ಇರುವಾಗ ನೀವು ನೆಟ್ಟದ್ದು ನಿಮ್ಮಲ್ಲೇ ಉಳಿಯುತ್ತದೆ ಅಂತ ಇಲ್ಲ.

ಆನೆ ಬರುವ ದಾರಿಯಾಗಿದ್ದರೆ ಹಲಸು, ಬಾಳೆ ಮನೆಯ ಹತ್ತಿರ ಬೇಡ. ಈಗಾಗಲೇ ಹಲಸಿನ ಮರ ಇದ್ದರೆ ಕಾಯಿ ಹಣ್ಣಾಗುವ ಮೊದಲೇ ಇಳಿಸಿ. ಪಶ್ಚಿಮಕ್ಕೆ, ಮಳೆಗಾಳಿ ಬರುವ ಕಡೆ, ಮಾಡಿನ ಮೇಲೆ ವಾಲಿದ ಸಿಲ್ವರ್ ಓಕ್ ಇದ್ದರೆ ಮೇ ಮುಗಿಯುವ ಮೊದಲು ಅದರ ಕೊಂಬೆ ಇಳಿಸಿ, ಗಾಳಿಗೆ ಬೇಗ ಮುರಿಯುತ್ತದೆ.

ಕಾಂಪೌಂಡ್ ಗೋಡೆ ಬೇಡ ಅಂತ ಸುಮ್ನೆ ಹೇಳಿದರೆ ನಿಮಗೆ ಧೈರ್ಯ ಬರಲಿಕ್ಕಿಲ್ಲ. ದನ, ನಾಯಿ ತಡೆಯಲು ಏನಾದರೂ ಬೇಕಲ್ಲ. ಕೊಡಗಿನ ಹಳೇ ಕಡಂಗಗಳು (ಉದ್ದದ ಅಗಳುಗಳು) ಯುದ್ಧಕ್ಕೆ ತೋಡಿದವು. ಅದೇ ಬುದ್ಧಿಯನ್ನು ಸಣ್ಣದಾಗಿ ಬಳಸಬಹುದು. ಗದ್ದೆಯ ಕಡೆಗೆ, ಇಳಿಜಾರು ಮುಗಿದು ನೆಲ ಮಟ್ಟಸವಾಗುವಲ್ಲಿ, ಮೂರಡಿ ಅಗಳು ತೋಡಿ ಮನೆ ಕಡೆಯ ದಂಡೆಗೆ ಕಲ್ಲು ಕಟ್ಟಿ. ಜಗಲಿಯಿಂದ ನೋಡಿದರೆ ಅಗಳು ಕಾಣುವುದೇ ಇಲ್ಲ, ಬಯಲು ನಿಮ್ಮ ಅಂಗಳದಿಂದಲೇ ಶುರುವಾದಂತೆ ಕಾಣುತ್ತದೆ. ದನ ಮಾತ್ರ ದಾಟುವುದಿಲ್ಲ. ಇಂಗ್ಲೆಂಡಿನ ದೊಡ್ಡ ಮನೆಗಳ ತೋಟಗಳಲ್ಲಿ ಹದಿನೆಂಟನೇ ಶತಮಾನದಿಂದ ಇದೇ ಉಪಾಯ ಇದೆ. ಕಡಿದಾದ ಜಾಗದಲ್ಲಿ ಇದನ್ನು ಮಾಡಬೇಡಿ, ನೀರು ನಿಂತು ದಂಡೆ ಕುಸಿಯುತ್ತದೆ. ಉಳಿದ ಮೂರು ಕಡೆ ತಂತಿ ಬೇಲಿ ಹಾಕಿ ಅದಕ್ಕೆ ದಾಸವಾಳ ಹಬ್ಬಿಸಿ.

ದೀಪ ಆದಷ್ಟು ಕಮ್ಮಿ ಇರಲಿ. ಮೆಟ್ಟಿಲಿಗೆ, ದಾರಿಗೆ, ನೆಲ ನೋಡುವ ಮಂದ ದೀಪ ಸಾಕು. ಮರಕ್ಕೆ ಕೆಳಗಿನಿಂದ ಬೆಳಕು ಹಾಯಿಸಿದರೆ ಮಳೆಗಾಲದ ಮುಂಚೆ ಬರುವ ಮಿಂಚುಹುಳಗಳು ಕಾಣದೇ ಹೋಗುತ್ತವೆ.

ಕೆಲಸದ ಸರದಿ ಹೀಗಿರಲಿ. ಜನವರಿಯಿಂದ ಏಪ್ರಿಲ್‌ವರೆಗೆ ಬರೆ, ಚರಂಡಿ, ಸೂರಿನ ಕಾಲುವೆ, ಮೆಟ್ಟಿಲು. ಏಪ್ರಿಲ್ ಮೇನಲ್ಲಿ ಕಪಾತು. ಮೊದಲ ಮಳೆ ಹಿಡಿದ ಮೇಲೆ ಲಾವಂಚ, ಕಾಫಿ ಬೇಲಿ ಮಾತ್ರ ನೆಡಿ. ಆ ಮಳೆಗಾಲ ಇನ್ನೇನೂ ನೆಡಬೇಡಿ. ಜೋರು ಮಳೆಯ ದಿನ ಕೊಡೆ ಹಿಡಿದು ಸುತ್ತ ಒಂದು ಸುತ್ತು ಹಾಕಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ತೊಳೆಯುತ್ತದೆ ಅಂತ ಗೂಟ ಹೊಡೆದು ಗುರುತು ಮಾಡಿ. ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಕಂಟ್ರಾಕ್ಟರಿಗೆ ತೋರಿಸಲು ಅನುಕೂಲ. ಬರೆಯಲ್ಲಿ ಬಿರುಕು ಕಂಡರೆ, ಬುಡದಿಂದ ಕೆಸರು ನೀರು ಜಿನುಗಿದರೆ, ನೆಟ್ಟಗಿದ್ದ ಮರ ವಾಲಿದರೆ ಹೂದೋಟದ ಯೋಚನೆ ಬಿಟ್ಟು ಮೊದಲು ಮನೆಯಿಂದ ಹೊರಗೆ ಬನ್ನಿ, ಆಮೇಲೆ ಎಂಜಿನಿಯರನ್ನು ಕರೆಸಿ. ಎಲ್ಲ ಸರಿ ಇದ್ದರೆ ಅಕ್ಟೋಬರ್‌ನಲ್ಲಿ ಅಂಗಳಕ್ಕೆ ಕಲ್ಲು ಹಾಸಿ, ಹೈಡ್ರಾಂಜಿಯಾ, ಜರಿಗಿಡಗಳನ್ನು ಮುಂದಿನ ಜೂನ್‌ಗೆ ತಂದು ನೆಡಿ. ಗೂಟ ಹೊಡೆದ ನಕ್ಷೆಯನ್ನೂ, ನಾಲ್ಕು ಕಿಟಕಿಗಳಿಂದ ತೆಗೆದ ಫೋಟೋಗಳನ್ನೂ ಕಳಿಸಿಕೊಟ್ಟರೆ ಗಿಡಗಳ ಜಾಗ ಒಂದೊಂದಾಗಿ ಗುರುತು ಮಾಡಿ ಬರೆಯುತ್ತೇನೆ.